ಕ್ಯಾನ್ಸರ್ ಸಂಶೋಧನೆಗಾಗಿ ಹಾಫ್ ಮ್ಯಾರಥಾನ್: ಕಾಲಿಗೂ ದೇಣಿಗೆಗೂ 18 ವಾರಗಳ ತಯಾರಿ

ಮುಂಬೈ ಮ್ಯಾರಥಾನ್ ನಡೆಯುವುದು ಜನವರಿಯ ಮೂರನೇ ಭಾನುವಾರ. 2004ರಲ್ಲಿ ಶುರುವಾದ ಈ ಓಟಕ್ಕೆ ಕರ್ನಾಟಕದಿಂದಲೂ ಪ್ರತಿ ವರ್ಷ ಓಟಗಾರರು ರೈಲು ಹತ್ತುತ್ತಾರೆ. ಅವರಲ್ಲಿ ಕೆಲವರು ಪದಕದ ಜೊತೆಗೆ ಯಾವುದಾದರೂ ಸಂಸ್ಥೆಗೆ ದೇಣಿಗೆಯನ್ನೂ ಕೂಡಿಸಿಕೊಂಡು ಬರುತ್ತಾರೆ. ಮೊದಲ ಬಾರಿ 21.1 ಕಿ.ಮೀ. ಓಡಬೇಕು, ಆ ನೆಪದಲ್ಲಿ ಕ್ಯಾನ್ಸರ್ ಸಂಶೋಧನೆಗೆ ಒಂದಷ್ಟು ಹಣ ಸೇರಿಸಬೇಕು ಎಂದುಕೊಂಡವರಿಗಾಗಿ ಈ ಮಾರ್ಗದರ್ಶಿ. ಬೇರೆ ಊರಿನ ಓಟವಾದರೆ ದಿನಾಂಕಗಳನ್ನು ಹಿಂದೆ ಮುಂದೆ ಮಾಡಿಕೊಂಡರಾಯಿತು.

ಕೆಲಸ ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ನವೆಂಬರ್‌ನಲ್ಲಿ ಎಚ್ಚೆತ್ತು, ತಪ್ಪಿದ ಕಿಲೋಮೀಟರುಗಳನ್ನೆಲ್ಲ ಒಂದೇ ತಿಂಗಳಲ್ಲಿ ತುಂಬಿಸಲು ಹೋಗಿ ಮಂಡಿ ಕೆಡಿಸಿಕೊಳ್ಳುವುದು ಒಂದು. ಜನವರಿ ಮೊದಲ ವಾರ ಎಚ್ಚೆತ್ತು, ಫೋನಿನಲ್ಲಿರುವ ಮುನ್ನೂರು ಮಂದಿಗೂ ಒಂದೇ ಮೆಸೇಜ್ ಫಾರ್ವರ್ಡ್ ಮಾಡಿ ನಾಲ್ಕು ಸಾವಿರ ರೂಪಾಯಿಗೆ ಕೈಮುಗಿಯುವುದು ಇನ್ನೊಂದು. ಎರಡೂ ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ತೆರೆದ ಕಥೆಯೇ. ಆದ್ದರಿಂದ ಸೆಪ್ಟೆಂಬರ್ ಮೂರನೇ ವಾರ ಎರಡನ್ನೂ ಜೋಡಿಯಾಗಿ ಶುರು ಮಾಡಿ. ಭಾನುವಾರದ ಉದ್ದನೆಯ ಓಟದ ಲೆಕ್ಕವೇ ಆಮೇಲೆ ದಾನಿಗಳಿಗೆ ಕಳಿಸುವ ಸುದ್ದಿಯಾಗುತ್ತದೆ.

ಮೊದಲು ತೀರ್ಮಾನಿಸಬೇಕಾದ್ದು: ಹಣ ಯಾವುದಕ್ಕೆ?

'ಕ್ಯಾನ್ಸರ್‌ಗೆ' ಎಂದರೆ ಸಾಲದು. ನಮ್ಮಲ್ಲಿ ಕ್ಯಾನ್ಸರ್ ಹೆಸರಿನಲ್ಲಿ ದೇಣಿಗೆ ಎತ್ತುವ ಹೆಚ್ಚಿನ ಸಂಸ್ಥೆಗಳು ಮಾಡುವುದು ರೋಗಿಗಳ ನೆರವು: ಔಷಧಿ ಖರ್ಚು, ಊರಿನಿಂದ ಬಂದವರಿಗೆ ವಸತಿ, ಊಟ, ಮಕ್ಕಳ ಪಾಠ. ಅದು ದೊಡ್ಡ ಕೆಲಸವೇ, ಆದರೆ ಸಂಶೋಧನೆ ಅಲ್ಲ. ನಿಮ್ಮ ಮನವಿಯಲ್ಲಿ 'ಸಂಶೋಧನೆ' ಎಂಬ ಪದ ಬಳಸುವುದಾದರೆ ಹಣ ಅಲ್ಲಿಗೇ ಹೋಗುತ್ತದೆ ಎಂದು ಖಚಿತಪಡಿಸಿಕೊಂಡೇ ಬಳಸಿ.

ಸಂಸ್ಥೆಗೆ ಒಂದು ಇ-ಮೇಲ್ ಬರೆದು ಮೂರು ಪ್ರಶ್ನೆ ಕೇಳಿ. ಸಂಶೋಧನೆಗೆಂದೇ ಪ್ರತ್ಯೇಕ ನಿಧಿ ಇದೆಯೇ, ಇದ್ದರೆ ದೇಣಿಗೆ ಕೊಡುವಾಗ ಅದನ್ನು ಹೇಗೆ ನಮೂದಿಸಬೇಕು? ಕಳೆದ ವರ್ಷದ ಲೆಕ್ಕ ಪರಿಶೋಧನಾ ವರದಿ ಎಲ್ಲಿ ಸಿಗುತ್ತದೆ? ದಾನಿಗಳಿಗೆ ತೆರಿಗೆ ವಿನಾಯಿತಿಯ ಪ್ರಮಾಣಪತ್ರ ಯಾವಾಗ, ಹೇಗೆ ಬರುತ್ತದೆ? ಹತ್ತು ದಿನವಾದರೂ ಉತ್ತರ ಬರದಿದ್ದರೆ ಬೇರೆ ಸಂಸ್ಥೆ ನೋಡಿಕೊಳ್ಳುವುದು ವಾಸಿ. ಮಾರ್ಚ್‌ನಲ್ಲಿ ದಾನಿಗಳು ರಸೀದಿ ಕೇಳುವಾಗಲೂ ಇದೇ ಮೌನ ನಿಮ್ಮ ತಲೆಗೆ ಬರುತ್ತದೆ.

ಸಂಶೋಧನೆ ಎಂದರೆ ಏನು ಎಂದು ದಾನಿಗಳು ಕೇಳಿಯೇ ಕೇಳುತ್ತಾರೆ. 'ಹೊಸ ಔಷಧಿ ಕಂಡುಹಿಡಿಯುವುದು' ಎಂದು ಹಾರಿಕೆಯ ಉತ್ತರ ಕೊಡುವ ಬದಲು ಒಂದು ನಿಜವಾದ ಉದಾಹರಣೆ ಇಟ್ಟುಕೊಳ್ಳಿ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲಿ ಶುರುವಾದದ್ದು, 1962ರಿಂದ ಕೇಂದ್ರದ ಅಣುಶಕ್ತಿ ಇಲಾಖೆಯ ಅಡಿಯಲ್ಲಿದೆ. ಅಲ್ಲಿನ ವೈದ್ಯರು ಮುಂಬೈಯ ಕೊಳೆಗೇರಿಗಳಲ್ಲಿ ಸುಮಾರು ಒಂದೂವರೆ ಲಕ್ಷ ಮಹಿಳೆಯರನ್ನು ಸೇರಿಸಿಕೊಂಡು ವರ್ಷಗಟ್ಟಲೆ ಒಂದು ಅಧ್ಯಯನ ನಡೆಸಿದರು. ಗರ್ಭಕೊರಳಿಗೆ ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲದ ತೆಳು ದ್ರಾವಣ ಹಚ್ಚಿ, ಬೆಳ್ಳಗಾಗುವ ಜಾಗವನ್ನು ಬರಿಗಣ್ಣಿನಲ್ಲಿ ನೋಡುವ ಪರೀಕ್ಷೆ ಅದು. ಮಾಡಿದವರು ಹತ್ತನೇ ತರಗತಿ ಓದಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. 2013ರಲ್ಲಿ ಫಲಿತಾಂಶ ಪ್ರಕಟವಾಯಿತು: ಪರೀಕ್ಷೆಗೆ ಒಳಗಾದ ಗುಂಪಿನಲ್ಲಿ ಗರ್ಭಕೊರಳ ಕ್ಯಾನ್ಸರಿನ ಸಾವು ಶೇ. 31ರಷ್ಟು ಕಡಿಮೆ. ಸಂಶೋಧನೆ ಎಂದರೆ ದುಬಾರಿ ಯಂತ್ರವೇ ಆಗಬೇಕಿಲ್ಲ ಎಂದು ಇದನ್ನು ಕೇಳಿದ ಯಾರಿಗೂ ತಿಳಿಯುತ್ತದೆ.

ಓಟಕ್ಕೂ ಕ್ಯಾನ್ಸರ್ ಸಂಶೋಧನೆಗೂ ಗಂಟು ಬಿದ್ದದ್ದು ಕೆನಡಾದ ಟೆರ್ರಿ ಫಾಕ್ಸ್ ಅವರಿಂದ. ಮೂಳೆ ಕ್ಯಾನ್ಸರಿನಿಂದ ಬಲಗಾಲು ಕಳೆದುಕೊಂಡಿದ್ದ ಅವರು 1980ರಲ್ಲಿ ಕೃತಕ ಕಾಲಿನಲ್ಲೇ 143 ದಿನ, 5,373 ಕಿ.ಮೀ. ಓಡಿದರು. ಅವರ ಹೆಸರಿನ ಓಟಗಳಲ್ಲಿ ಸ್ಪರ್ಧೆ ಇಲ್ಲ, ನಡೆದರೂ ಸರಿ. 21 ಕಿ.ಮೀ. ಈ ವರ್ಷ ಆಗದು ಎನಿಸಿದರೆ ಅಂಥದ್ದೊಂದರಿಂದ ಶುರು ಮಾಡುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಬಿಬ್, ರೈಲು, ವೈದ್ಯರು

ಬಿಬ್ ಎಂದರೆ ಓಟಗಾರರು ಎದೆಗೆ ಚುಚ್ಚಿಕೊಳ್ಳುವ ನಂಬರ್ ಚೀಟಿ. ಸಾಮಾನ್ಯ ಪ್ರವೇಶ ಬೇಗ ಮುಗಿಯುತ್ತದೆ. ಸಂಸ್ಥೆಗಳ ಮೂಲಕ ಸಿಗುವ ಚಾರಿಟಿ ಬಿಬ್ ಆಮೇಲೂ ಸಿಗಬಹುದು, ಆದರೆ ಅದಕ್ಕೆ ಇಂತಿಷ್ಟು ಹಣ ಎತ್ತುವ ಬದ್ಧತೆ ಇರುತ್ತದೆ. ಗುರಿ ಮುಟ್ಟದಿದ್ದರೆ ಉಳಿದದ್ದನ್ನು ನೀವೇ ಕಟ್ಟಬೇಕೇ ಎಂಬುದನ್ನು ಸಹಿ ಹಾಕುವ ಮೊದಲೇ ಓದಿಕೊಳ್ಳಿ. ಹಿಂದೆ ಓಡಿದ ಓಟದ ಸಮಯದ ಪ್ರಮಾಣಪತ್ರ ಕೇಳುವುದುಂಟು. ಊರಿನಲ್ಲಿ ನಡೆಯುವ ಒಂದು 10ಕೆ (10 ಕಿ.ಮೀ. ಓಟ) ಓಡಿಟ್ಟುಕೊಂಡಿದ್ದರೆ ಒಳ್ಳೆಯದು.

ಬಿಬ್ ಅನ್ನು ಓಟದ ಬೆಳಗ್ಗೆ ಕೊಡುವುದಿಲ್ಲ. ಹಿಂದಿನ ದಿನಗಳಲ್ಲಿ ಆಯೋಜಕರು ನಡೆಸುವ ಎಕ್ಸ್‌ಪೋಗೆ ಹೋಗಿ ಗುರುತಿನ ಚೀಟಿ ತೋರಿಸಿ ತೆಗೆದುಕೊಳ್ಳಬೇಕು. ಆದ್ದರಿಂದ ಶುಕ್ರವಾರವೇ ಮುಂಬೈ ತಲುಪುವಂತೆ ಟಿಕೆಟ್ ಮಾಡಿ. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲಷ್ಟೇ ತೆರೆಯುವುದರಿಂದ ನವೆಂಬರ್ ಮಧ್ಯದಲ್ಲಿ ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಬೆಂಗಳೂರಿನ ಉದ್ಯಾನ್ ಎಕ್ಸ್‌ಪ್ರೆಸ್ ನಿಲ್ಲುವುದು ಸಿಎಸ್‌ಎಂಟಿಯಲ್ಲೇ, ಓಟದ ಆಸುಪಾಸಿನಲ್ಲಿ. ಆದರೆ ಸುಮಾರು ಒಂದು ಹಗಲು ಒಂದು ರಾತ್ರಿಯ ಪ್ರಯಾಣ ಅದು. ಎರಡು ಗಂಟೆಗೊಮ್ಮೆ ಎದ್ದು ಬೋಗಿಯ ಉದ್ದಕ್ಕೂ ನಡೆಯದಿದ್ದರೆ ಮೀನಖಂಡ ಮರದ ತುಂಡಾಗುತ್ತದೆ.

ನಲವತ್ತು ದಾಟಿದವರು, ಬಿಪಿ ಅಥವಾ ಸಕ್ಕರೆ ಕಾಯಿಲೆ ಇರುವವರು, ಮನೆಯಲ್ಲಿ ಚಿಕ್ಕ ವಯಸ್ಸಿಗೆ ಹೃದಯಾಘಾತ ಕಂಡವರು ತರಬೇತಿಗೆ ಮೊದಲು ವೈದ್ಯರನ್ನು ನೋಡಬೇಕು. ಓಡುವಾಗ ಎದೆ ಹಿಡಿದಂತಾಗುವುದು, ತಲೆ ಸುತ್ತಿ ಬೀಳುವಂತಾಗುವುದು ಇದ್ದರೆ ವಯಸ್ಸು ಎಷ್ಟೇ ಇರಲಿ, ಅಂದೇ ನಿಲ್ಲಿಸಿ ತೋರಿಸಿ. ಸಸ್ಯಾಹಾರಿಗಳು ಹಿಮೋಗ್ಲೋಬಿನ್, ಫೆರಿಟಿನ್ (ದೇಹದ ಕಬ್ಬಿಣದ ಸಂಗ್ರಹ), ಬಿ12 ನೋಡಿಸಿಕೊಂಡರೆ ಲಾಭ. 'ಎಷ್ಟು ಓಡಿದರೂ ಸುಸ್ತು ಹೋಗುತ್ತಿಲ್ಲ' ಎನ್ನುವುದಕ್ಕೆ ಕಾರಣ ಹಲವು ಬಾರಿ ಕಾಲಿನಲ್ಲಿರುವುದಿಲ್ಲ, ರಕ್ತದಲ್ಲಿರುತ್ತದೆ.

ಓಡುವವರೇ ಕ್ಯಾನ್ಸರ್‌ನಿಂದ ಚೇತರಿಸಿಕೊಂಡವರಾದರೆ ಚಿಕಿತ್ಸೆ ಕೊಟ್ಟ ವೈದ್ಯರ ಒಪ್ಪಿಗೆ ಮೊದಲ ಮೆಟ್ಟಿಲು. ಡಾಕ್ಸೊರುಬಿಸಿನ್‌ನಂಥ ಔಷಧಿ ಹೃದಯದ ಸ್ನಾಯುವನ್ನು ದುರ್ಬಲಗೊಳಿಸಬಲ್ಲದು, ಆದ್ದರಿಂದ ಎಕೋ ಪರೀಕ್ಷೆ ಬೇಕೇ ಎಂದು ಕೇಳಿ. ಪ್ಯಾಕ್ಲಿಟ್ಯಾಕ್ಸೆಲ್ ಪಡೆದವರಲ್ಲಿ ಪಾದ ಜೋಮು ಹಿಡಿದಂತೆ ಉಳಿಯಬಹುದು. ಶೂ ಒಳಗೆ ಗುಳ್ಳೆ ಎದ್ದರೂ ತಿಳಿಯುವುದಿಲ್ಲ. ಅವರು ಪ್ರತಿ ಓಟದ ನಂತರ ಕಾಲ್ಚೀಲ ತೆಗೆದು ಅಂಗಾಲನ್ನು ಕಣ್ಣಿನಿಂದಲೇ ನೋಡಬೇಕು. ಸ್ತನ ಕ್ಯಾನ್ಸರಿಗೆ ಹಾರ್ಮೋನ್ ಮಾತ್ರೆ ನುಂಗುತ್ತಿರುವವರಿಗೆ ಮೂಳೆ ಸಾಂದ್ರತೆಯ ಪರೀಕ್ಷೆ ಬೇಕಾಗಬಹುದು.

18 ವಾರಗಳ ಓಟ

ಶುರು ಮಾಡುವ ಹೊತ್ತಿಗೆ 5 ಕಿ.ಮೀ. ನಿಲ್ಲದೆ, ಇಲ್ಲವೇ ನಾಲ್ಕು ನಿಮಿಷ ಓಡಿ ಒಂದು ನಿಮಿಷ ನಡೆಯುತ್ತ, ಮುಗಿಸಲು ಬರಬೇಕು. ಬರದಿದ್ದರೆ ಆಗಸ್ಟ್ ತಿಂಗಳು ಅದಕ್ಕೇ ಮೀಸಲು.

ಭಾನುವಾರದ ಉದ್ದನೆಯ ಓಟ ವಾರದಿಂದ ವಾರಕ್ಕೆ ಹೀಗೆ ಹೋಗಲಿ (ಕಿ.ಮೀ.ಗಳಲ್ಲಿ):

1ರಿಂದ 4ನೇ ವಾರ: 6, 7, 8, 6
5ರಿಂದ 8ನೇ ವಾರ: 9, 10, 11, 8
9ರಿಂದ 12ನೇ ವಾರ: 12, 13, 14, 10
13ರಿಂದ 17ನೇ ವಾರ: 15, 16, 18, 14, 10
18ನೇ ವಾರ: ಓಟ

ಪ್ರತಿ ನಾಲ್ಕನೇ ವಾರ ದೂರ ಇಳಿಯುವುದನ್ನು ಗಮನಿಸಿ. ಎಲುಬು, ಸ್ನಾಯುರಜ್ಜುಗಳು ಗಟ್ಟಿಯಾಗುವುದು ಶ್ವಾಸಕೋಶಕ್ಕಿಂತ ನಿಧಾನ. ಆರನೇ ವಾರ ಉಸಿರು ಸರಾಗವಾಗಿ 'ಇನ್ನೂ ನಾಲ್ಕು ಕಿ.ಮೀ. ಓಡಬಲ್ಲೆ' ಅನಿಸುತ್ತದೆ, ನಿಜವಾಗಿಯೂ ಓಡಬಹುದು. ಬೆಲೆ ತೆರುವುದು ಒಂಬತ್ತನೇ ವಾರ, ಹಿಮ್ಮಡಿಯಲ್ಲಿ. ತರಬೇತಿಯಲ್ಲಿ ಪೂರ್ತಿ 21 ಕಿ.ಮೀ. ಓಡುವ ಅಗತ್ಯವೂ ಇಲ್ಲ. 18 ಓಡಿದವರು 21 ಮುಗಿಸುತ್ತಾರೆ.

ವಾರದ ಉಳಿದ ದಿನಗಳು ಹೇಗಿರಬೇಕೆಂದು ಹತ್ತನೇ ವಾರವನ್ನೇ ತೆಗೆದುಕೊಳ್ಳೋಣ. ಸೋಮವಾರ ಓಟವಿಲ್ಲ, ಸ್ನಾಯು ಬಲಪಡಿಸುವ ವ್ಯಾಯಾಮ. ಮಂಗಳವಾರ 6 ಕಿ.ಮೀ. ನಿಧಾನ. ಬುಧವಾರ ಮತ್ತೆ ವ್ಯಾಯಾಮ. ಗುರುವಾರ 7 ಕಿ.ಮೀ., ಅದರಲ್ಲಿ ಏರು ಓಟ. ಶುಕ್ರವಾರ ಪೂರ್ತಿ ವಿಶ್ರಾಂತಿ. ಶನಿವಾರ 4 ನಿಧಾನ, ಭಾನುವಾರ 13. ಒಟ್ಟು 30. ಮೊದಲ ವಾರ ಇದು 16ರ ಆಸುಪಾಸು ಇರುತ್ತದೆ, ಹದಿನೈದನೇ ವಾರ 36ರ ಹತ್ತಿರ.

'ನಿಧಾನ' ಎಂದರೆ ಎಷ್ಟು ನಿಧಾನ? ಪಕ್ಕದಲ್ಲಿ ಓಡುವವರಿಗೆ ಮನೆ ಕೆಲಸದವರ ರಜೆ, ಮಗನ ಟ್ಯೂಷನ್ ಎಲ್ಲ ಪೂರ್ತಿ ವಾಕ್ಯಗಳಲ್ಲಿ ಹೇಳುವಷ್ಟು. ಮಾತು ತುಂಡಾದರೆ ವೇಗ ಹೆಚ್ಚಾಯಿತು. ಹೊಸಬರು ಮಾಡುವ ತಪ್ಪುಗಳಲ್ಲಿ ಇದೇ ದೊಡ್ಡದು: ಎಲ್ಲ ಓಟವನ್ನೂ ಅರ್ಧ ಜೋರಾಗಿ ಓಡುವುದು. ನಿಧಾನದ ದಿನ ಸಿಗಬೇಕಾದ ವಿಶ್ರಾಂತಿಯೂ ಇಲ್ಲ, ಗುರುವಾರ ಬೇಕಾದ ಕಸುವೂ ಇಲ್ಲ.

ಗುರುವಾರದ ಓಟ ಒಂದು ವಾರ ಏರು, ಒಂದು ವಾರ ಟೆಂಪೋ. ಏರಿಗೆ ಮಲ್ಲೇಶ್ವರ, ಬಸವನಗುಡಿಯ ಇಳಿಜಾರು ಬೀದಿಗಳು ಸಾಕು; ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ರಸ್ತೆಯೇ ಇದೆ. 10 ನಿಮಿಷ ಮೈ ಬಿಸಿ ಮಾಡಿಕೊಂಡು 45 ಸೆಕೆಂಡ್ ಗಟ್ಟಿಯಾಗಿ ಏರಿ, ನಡೆದುಕೊಂಡು ಇಳಿಯಿರಿ. ಇದನ್ನು ಆರು ಬಾರಿ ಮಾಡಿ. ಇಳಿಯುವಾಗ ಓಡಬೇಡಿ, ಮಂಡಿಗೆ ಪೆಟ್ಟು ಬೀಳುವುದು ಅಲ್ಲೇ. ಟೆಂಪೋ ಎಂದರೆ 8 ನಿಮಿಷದ ಎರಡು ಸುತ್ತು, ನಡುವೆ 3 ನಿಮಿಷ ನಡಿಗೆ. ಆ ವೇಗದಲ್ಲಿ ಎರಡು ಮೂರು ಪದಕ್ಕಿಂತ ಹೆಚ್ಚು ಬಾಯಿಂದ ಬರಬಾರದು.

ವ್ಯಾಯಾಮದ ದಿನ ಅರ್ಧ ಗಂಟೆ ಸಾಕು. ಒಂಟಿ ಕಾಲಿನಲ್ಲಿ ನಿಂತು ಹಿಮ್ಮಡಿ ಎತ್ತುವುದು 15ರ ಮೂರು ಸುತ್ತು, ಸ್ಕ್ವಾಟ್ 12ರ ಮೂರು ಸುತ್ತು, ಮೆಟ್ಟಿಲು ಹತ್ತಿ ಇಳಿಯುವುದು ಒಂದೊಂದು ಕಾಲಿಗೆ 10ರ ಮೂರು ಸುತ್ತು, ಮಲಗಿ ಸೊಂಟ ಎತ್ತುವ ಬ್ರಿಡ್ಜ್ 15ರ ಮೂರು ಸುತ್ತು, ಪ್ಲ್ಯಾಂಕ್ 30ರಿಂದ 60 ಸೆಕೆಂಡ್. ಹಿಮ್ಮಡಿ ಎತ್ತುವುದನ್ನು ಮಾತ್ರ ಬಿಡಲೇಬೇಡಿ.

ಜಾಗದ ಬಗ್ಗೆ ಒಂದು ಮಾತು. ಕಬ್ಬನ್ ಪಾರ್ಕ್, ಲಾಲ್‌ಬಾಗ್, ಜಿಕೆವಿಕೆ ಆವರಣ, ಮೈಸೂರಿನ ಕುಕ್ಕರಹಳ್ಳಿ ಕೆರೆ, ಹುಬ್ಬಳ್ಳಿಯ ಉಣಕಲ್ ಕೆರೆ, ಇವು ಹತ್ತಿರವಿದ್ದವರು ಅದೃಷ್ಟವಂತರು. ಬಡಾವಣೆಯ ರಸ್ತೆಯಲ್ಲೇ ಓಡುವವರು ಎರಡು ನೆನಪಿಡಿ. ನೀರು ಹರಿಯಲೆಂದು ರಸ್ತೆಯ ಅಂಚು ಇಳಿಜಾರಾಗಿರುತ್ತದೆ. ದಿನವೂ ಒಂದೇ ಬದಿಯಲ್ಲಿ ಓಡಿದರೆ ಒಂದೇ ಕಾಲಿನ ಸೊಂಟ, ಮಂಡಿ ನೋಯುತ್ತವೆ, ಆದ್ದರಿಂದ ವಾಹನವಿಲ್ಲದ ಬೀದಿ ಆರಿಸಿ ಬದಿ ಬದಲಿಸಿ. ಬೀದಿನಾಯಿ ಅಟ್ಟಿಸಿಕೊಂಡು ಬಂದರೆ ಓಡಬೇಡಿ. ನಿಂತು, ಅದಕ್ಕೆ ಬೆನ್ನು ಹಾಕದೆ, ನಿಧಾನವಾಗಿ ನಡೆದು ದಾಟಿ. ಓಡುವುದನ್ನು ಕಂಡರೇ ಅದಕ್ಕೆ ಅಟ್ಟುವ ಉಮೇದು.

ನವರಾತ್ರಿ, ದೀಪಾವಳಿ ಎರಡೂ ಈ ಅವಧಿಯಲ್ಲೇ ಬರುತ್ತವೆ. ಒಂದು ವಾರ ತಪ್ಪಿದರೆ ಪಟ್ಟಿಯಲ್ಲಿ ಮುಂದಿನ ವಾರಕ್ಕೇ ಹೋಗಿ, ತಪ್ಪಿದ್ದನ್ನು ತುಂಬಿಸಬೇಡಿ. ಎರಡು ವಾರ ತಪ್ಪಿದರೆ ಎರಡು ವಾರ ಹಿಂದಿನ ದೂರದಿಂದ ಮತ್ತೆ ಶುರು ಮಾಡಿ. ಪಟಾಕಿ ಹೊಗೆ ಕಟ್ಟಿಕೊಂಡ ಬೆಳಗ್ಗೆ ಮನೆಯೊಳಗೆ ವ್ಯಾಯಾಮ ಮಾಡಿಕೊಳ್ಳುವುದೇ ಲೇಸು.

ಶೂ, ಚರ್ಮ, ಉಗುರು

ಶೂ ಸಂಜೆ ಹೊತ್ತು ಕೊಳ್ಳಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಓಡುವಾಗ ಹಾಕುವ ಕಾಲ್ಚೀಲವನ್ನೇ ಹಾಕಿಕೊಂಡು ನಿಂತು, ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಗಲದ ಜಾಗ ಇದೆಯೇ ನೋಡಿ. ಬಿಗಿಯಾದರೆ 14 ಕಿ.ಮೀ. ದಾಟಿದ ಮೇಲೆ ಉಗುರು ಕಪ್ಪಾಗುತ್ತದೆ. ಒಂದು ಜೊತೆ ಸುಮಾರು 500ರಿಂದ 800 ಕಿ.ಮೀ. ಬಾಳುತ್ತದೆ, ಈ ತರಬೇತಿಗೆ ಒಂದೇ ಜೊತೆ ಸಾಕು. ಓಟಕ್ಕೆಂದು ಜನವರಿಯಲ್ಲಿ ಹೊಸ ಶೂ ಕೊಳ್ಳಬೇಡಿ. ಹತ್ತಿಯ ಕಾಲ್ಚೀಲ, ಹತ್ತಿಯ ಟೀ ಶರ್ಟ್ ಎರಡೂ ಬೆವರು ಹೀರಿಕೊಂಡು ಒದ್ದೆಯಾಗಿ ಉಳಿದು ಚರ್ಮ ಉಜ್ಜುತ್ತವೆ. ಸಂಸ್ಥೆ ಕೊಡುವ ಟೀ ಶರ್ಟ್‌ನಲ್ಲೇ ಓಡುವ ಆಸೆ ಇದ್ದರೆ ಮೊದಲೇ ತರಿಸಿಕೊಂಡು ಒಂದು ಉದ್ದನೆಯ ಓಟದಲ್ಲಿ ಹಾಕಿ ನೋಡಿ. ಎದೆಯ ಮೇಲೆ ರಬ್ಬರಿನಂಥ ಅಚ್ಚು ಇದ್ದರೆ ಗಂಡಸರ ಮೊಲೆತೊಟ್ಟು ಉಜ್ಜಿ ರಕ್ತ ಬರುತ್ತದೆ. ಅಲ್ಲಿಗೆ ಟೇಪ್, ತೊಡೆಸಂದು, ಕಂಕುಳು, ಬ್ರಾ ಅಂಚಿಗೆ ಧಾರಾಳವಾಗಿ ವ್ಯಾಸಲಿನ್.

ನೋವು: ಯಾವುದಕ್ಕೆ ನಿಲ್ಲಬೇಕು

ಎರಡೂ ಕಾಲಿನ ಸ್ನಾಯುಗಳಲ್ಲಿ ಸಮನಾಗಿ ಹರಡಿದ ನೋವು, ಎರಡು ದಿನದಲ್ಲಿ ಇಳಿಯುವಂಥದ್ದು, ಮಾಮೂಲು. ಒಂದೇ ಕಾಲಿನಲ್ಲಿ, ಬೆರಳಿಟ್ಟು ತೋರಿಸುವಂಥ ಒಂದೇ ಬಿಂದುವಿನಲ್ಲಿ, ರಾತ್ರಿ ಮಲಗಿದಾಗಲೂ ಇರುವ ನೋವು ಬೇರೆ. ಆ ಕಾಲಿನ ಮೇಲೆ ಕುಪ್ಪಳಿಸಿದಾಗ ಚುಚ್ಚಿದಂತಾದರೆ ಎಲುಬಿನಲ್ಲಿ ಸೀಳು ಬಿಟ್ಟಿರಬಹುದು. ಓಟ ನಿಲ್ಲಿಸಿ ಮೂಳೆ ವೈದ್ಯರ ಹತ್ತಿರ ಹೋಗಿ. ಮೊದಲ ಎಕ್ಸ್‌ರೇಯಲ್ಲಿ ಅದು ಕಾಣದೆ ಇರುವುದೂ ಉಂಟು. ಬೆಳಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗೆ ಹಿಮ್ಮಡಿ ಚುಚ್ಚಿದರೆ ಅಂಗಾಲಿನ ಪಟ್ಟಿಯ ತೊಂದರೆ. ದೂರ ಅರ್ಧಕ್ಕಿಳಿಸಿ, ಮೀನಖಂಡ ಹಿಗ್ಗಿಸುವ ವ್ಯಾಯಾಮ ಹೆಚ್ಚಿಸಿ. ಓಡುವ ಮೊದಲು ಐಬುಪ್ರೊಫೇನ್, ಡೈಕ್ಲೋಫೆನಾಕ್ ನುಂಗುವ ಚಾಳಿ ಬೇಡವೇ ಬೇಡ. ನೀರಿನಂಶ ಕಡಿಮೆಯಾದ ದೇಹದಲ್ಲಿ ಅವು ಮೂತ್ರಪಿಂಡಕ್ಕೆ ಹೊಡೆಯುತ್ತವೆ.

ಹೊಟ್ಟೆ, ನೀರು, ಮುಂಬೈ ಸೆಕೆ

ಒಂದೂವರೆ ಗಂಟೆ ಮೀರುವ ಓಟದಲ್ಲಿ ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ ಅಥವಾ ಸಕ್ಕರೆ ಒಳಗೆ ಹೋಗಬೇಕು. ಓಟಗಾರರು ಹೀರುವ, ಸಕ್ಕರೆ ಪಾಕದಂಥ ಒಂದು ಜೆಲ್‌ನಲ್ಲಿ ಸುಮಾರು 20ರಿಂದ 25 ಗ್ರಾಂ, ಒಂದು ಬಾಳೆಹಣ್ಣಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಅಡಿಕೆ ಗಾತ್ರದ, ಹತ್ತು ಗ್ರಾಂ ಬೆಲ್ಲದ ತುಂಡಿನಲ್ಲಿ ಒಂಬತ್ತು ಹತ್ತು ಗ್ರಾಂ. 45ನೇ ನಿಮಿಷದಲ್ಲಿ ಮೊದಲನೆಯದು, ಆಮೇಲೆ 30 ನಿಮಿಷಕ್ಕೊಮ್ಮೆ. ಏನೇ ಆಗಲಿ, ಹತ್ತನೇ ವಾರದಿಂದ ಅಭ್ಯಾಸದ ಓಟದಲ್ಲಿ ತಿಂದು ಹೊಟ್ಟೆ ಒಗ್ಗಿಸಿಕೊಂಡದ್ದನ್ನೇ ಓಟದ ದಿನವೂ ತಿನ್ನಿ.

ಹಿಂದಿನ ರಾತ್ರಿ ಅನ್ನ ಸಾರು, ಮೊಸರನ್ನದಂಥ ಸಾದಾ ಊಟ. ಡಿಸೆಂಬರ್ ಬಂತೆಂದರೆ ಮನೆಯಲ್ಲಿ ಅವರೆಕಾಯಿ ಸುಗ್ಗಿ, ಹಿತಕಿದ ಬೇಳೆ ಸಾರು. ಶನಿವಾರ ರಾತ್ರಿ ಅದನ್ನು ಗಡದ್ದಾಗಿ ಉಂಡವರು ಭಾನುವಾರ ಎಂಟನೇ ಕಿಲೋಮೀಟರಿನಲ್ಲಿ ಶೌಚಾಲಯ ಹುಡುಕುತ್ತಾರೆ. ಸೋಮವಾರ ಉಣ್ಣಿ. ಓಟದ ವಾರವೇ ಸಂಕ್ರಾಂತಿ. ಎಳ್ಳು ಬೆಲ್ಲ ಹಿಡಿಯಷ್ಟು ಸಾಕು, ಎಳ್ಳು ಕೊಬ್ಬರಿಯ ಎಣ್ಣೆ ಜೀರ್ಣವಾಗಲು ಸಮಯ ಬೇಕು. ಸಿಹಿ ಪೊಂಗಲ್ ಗುರುವಾರದವರೆಗೆ ಧಾರಾಳವಾಗಿ.

ನೀರನ್ನು ಬಾಯಾರಿಕೆಗೆ ತಕ್ಕಂತೆ ಕುಡಿಯಿರಿ. ಎರಡು ಉದ್ದನೆಯ ಓಟಗಳಿಗೆ ಮೊದಲು ಮತ್ತು ನಂತರ ತೂಕ ನೋಡಿ: ಒಂದು ಕಿಲೋ ಇಳಿದರೆ ಸುಮಾರು ಒಂದು ಲೀಟರ್ ಬೆವರು ಹೋಗಿದೆ. ತೂಕ ಏರಿದ್ದರೆ ಕುಡಿದದ್ದು ಅತಿಯಾಯಿತು. ಬರೀ ನೀರು ಅತಿಯಾಗಿ ರಕ್ತದ ಸೋಡಿಯಂ ಇಳಿದರೆ ಪ್ರಾಣಕ್ಕೇ ಅಪಾಯ. ಓಆರ್‌ಎಸ್ ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ 20.5 ಗ್ರಾಂ ಪೊಟ್ಟಣವನ್ನು ಸರಿಯಾಗಿ ಒಂದು ಲೀಟರ್ ನೀರಿಗೆ ಹಾಕಬೇಕು. ಅರ್ಧ ಲೀಟರ್ ಬಾಟಲಿಗೆ ಇಡೀ ಪೊಟ್ಟಣ ಸುರಿದರೆ ಹೊಟ್ಟೆ ತೊಳಸುತ್ತದೆ.

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರ, ಒಣ ಹವೆ. ಮುಂಬೈಯಲ್ಲಿ ಆಮ್ಲಜನಕ ತುಸು ಹೆಚ್ಚೇ ಸಿಗುತ್ತದೆ, ಆದರೆ ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ, ಎದೆಬಡಿತ ಏರುತ್ತದೆ, ಅದೇ ವೇಗ ಭಾರವಾಗುತ್ತದೆ. ಮಂಗಳೂರು, ಕಾರವಾರದವರಿಗೆ ಇದು ಹುಟ್ಟಾ ಅಭ್ಯಾಸ. ಬಯಲುಸೀಮೆಯವರು 15 ಮತ್ತು 16ನೇ ವಾರಗಳಲ್ಲಿ ಭಾನುವಾರ ಬಿಟ್ಟು ಉಳಿದ ನಿಧಾನದ ಓಟಗಳನ್ನು ಬೆಳಗ್ಗೆ ಒಂಬತ್ತೂವರೆಗೆ, ಬಿಸಿಲಿನಲ್ಲಿ, 40 ನಿಮಿಷ ಮಾಡಿಕೊಂಡರೆ ಮೈ ಸ್ವಲ್ಪ ಒಗ್ಗುತ್ತದೆ.

ದೇಣಿಗೆಯ 18 ವಾರ

ಗುರಿಯನ್ನು ಗಾಳಿಯಲ್ಲಿ ಇಡಬೇಡಿ, ಎಣಿಸಿ. ಒಂದು ಲಕ್ಷ ರೂಪಾಯಿ ಎಂದುಕೊಳ್ಳೋಣ. ನಿಮ್ಮದೇ 8,000 ಮೊದಲು. ಕಿಲೋಮೀಟರಿಗೆ 100 ರೂ. ಲೆಕ್ಕದಲ್ಲಿ 2,100 ಕೊಡುವ 20 ಮಂದಿಯಿಂದ 42,000. 500 ಕೊಡುವ 40 ಮಂದಿಯಿಂದ 20,000. ಉಳಿದ 30,000 ಕಂಪನಿಯ ಮ್ಯಾಚಿಂಗ್‌ನಿಂದ, ಅಂದರೆ ನೌಕರರು ಕೊಟ್ಟಷ್ಟೇ ಕಂಪನಿಯೂ ಸೇರಿಸುವ ಯೋಜನೆಯಿಂದ. ಈ ಯೋಜನೆ ನಿಮ್ಮಲ್ಲಿ ಇದೆಯೇ, ಕೊನೆಯ ದಿನ ಯಾವುದು, ನೀವು ಆರಿಸಿದ ಸಂಸ್ಥೆ ಅವರ ಪಟ್ಟಿಯಲ್ಲಿದೆಯೇ ಎಂದು ಎಚ್‌ಆರ್‌ಗೆ ಅಕ್ಟೋಬರ್‌ನಲ್ಲೇ ಕೇಳಿ. ಇಲ್ಲದಿದ್ದರೆ ಗುರಿಯನ್ನೇ 70,000ಕ್ಕೆ ಇಳಿಸಿ.

ಹಣ ನಿಮ್ಮ ಫೋನ್‌ಪೇಗೆ ಬರಬಾರದು. ನಿಮ್ಮ ಖಾತೆಗೆ ಬಂದು ಅಲ್ಲಿಂದ ಸಂಸ್ಥೆಗೆ ಹೋದರೆ ರಸೀದಿ ನಿಮ್ಮ ಹೆಸರಿಗೆ ಬರುತ್ತದೆ, ಕೊಟ್ಟವರಿಗೆ ತೆರಿಗೆ ವಿನಾಯಿತಿ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಬಂಧುಗಳ ನಡುವೆ ಎರಡು ವರ್ಷದ ನಂತರ ಏಳುವ ಒಂದು ಪಿಸುಮಾತಿಗೆ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ. ಸಂಸ್ಥೆಯ ಅಥವಾ ಓಟದ ಅಧಿಕೃತ ದೇಣಿಗೆ ಪುಟದ ಕೊಂಡಿಯನ್ನೇ ಕೊಡಿ. ಕೆಲವು ಕ್ರೌಡ್‌ಫಂಡಿಂಗ್ ತಾಣಗಳಲ್ಲಿ 'ಟಿಪ್' ಎಂದು ಒಂದು ಮೊತ್ತ ಮೊದಲೇ ಸೇರಿರುತ್ತದೆ. ಬೇಡವಾದರೆ ಸೊನ್ನೆ ಮಾಡಬಹುದೆಂದು ಹಿರಿಯರಿಗೆ ಹೇಳಿಕೊಡಿ.

ಒಟ್ಟಾರೆ ಫಾರ್ವರ್ಡ್ ಮೆಸೇಜಿಗೆ ಯಾರೂ ಕೊಡುವುದಿಲ್ಲ, ಎಲ್ಲರೂ ಬೇರೆಯವರು ಕೊಟ್ಟಿರುತ್ತಾರೆ ಎಂದುಕೊಳ್ಳುತ್ತಾರೆ. ಒಬ್ಬೊಬ್ಬರಿಗೂ ಹೆಸರು ಹಿಡಿದು ಬರೆಯಿರಿ. ಚಿಕ್ಕಪ್ಪನಿಗಾದರೆ ಹೀಗೆ:

"ಚಿಕ್ಕಪ್ಪ, ನಮಸ್ಕಾರ. ಜನವರಿಯಲ್ಲಿ ಮುಂಬೈಲಿ 21 ಕಿ.ಮೀ. ಓಡ್ತಿದೀನಿ. ಈ ಭಾನುವಾರಕ್ಕೆ 9 ಆಯ್ತು, ಇನ್ನೂ ದೂರ ಇದೆ. ಈ ನೆಪದಲ್ಲಿ ಕ್ಯಾನ್ಸರ್ ಸಂಶೋಧನೆಗೆ ಒಂದು ಲಕ್ಷ ಸೇರಿಸಬೇಕು ಅಂತ ಇದೆ, ನಾನು 8,000 ಹಾಕಿ ಶುರು ಮಾಡಿದೀನಿ. ನಿಮ್ಮಿಂದ ಕಿಲೋಮೀಟರಿಗೆ ನೂರರ ಹಾಗೆ 2,100 ಆಗಬಹುದಾ? ಕಡಿಮೆಯಾದರೂ ಸಂತೋಷ, ಆಗದಿದ್ದರೂ ಬೇಜಾರಿಲ್ಲ. ಹಣ ನೇರ ಸಂಸ್ಥೆಗೇ ಹೋಗುತ್ತೆ, ಕೊಂಡಿ ಕೆಳಗಿದೆ. ಪ್ಯಾನ್ ನಂಬರ್ ಹಾಕಿದರೆ ರಸೀದಿ ಬರುತ್ತೆ. ಚಿಕ್ಕಮ್ಮನಿಗೆ ಕೇಳಿದೆ ಅಂತ ಹೇಳಿ."

ಮೊತ್ತ ಹೇಳಿದ್ದೀರಿ, ಆಗದು ಎನ್ನಲು ದಾರಿಯನ್ನೂ ಬಿಟ್ಟಿದ್ದೀರಿ. ಎರಡು ವಾರ ಬಿಟ್ಟು ಒಮ್ಮೆ ನೆನಪಿಸಿ, ಮೂರನೇ ಸಲ ಬೇಡ. ಮೊದಲು ಹತ್ತಿರದವರನ್ನು ಕೇಳಿ, ಪುಟದಲ್ಲಿ ಮೂರನೇ ಒಂದು ಭಾಗ ತುಂಬಿದ ಮೇಲೆ ಆಫೀಸಿನವರನ್ನು, ಅಪಾರ್ಟ್‌ಮೆಂಟಿನವರನ್ನು ಕೇಳಿ. ಖಾಲಿ ಹುಂಡಿಗೆ ಮೊದಲ ಕಾಸು ಹಾಕಲು ಎಲ್ಲರಿಗೂ ಸಂಕೋಚ.

ಮನೆಯಲ್ಲಿ ಯಾರಿಗೋ ಕಾಯಿಲೆ ಇದೆ ಎಂದು ಅವರ ಹೆಸರು, ಫೋಟೊ ಬಳಸುವುದಕ್ಕೆ ಅವರದೇ ಒಪ್ಪಿಗೆ ಬೇಕು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇಂದಿಗೂ ಅದನ್ನು 'ಆ ಕಾಯಿಲೆ' ಎಂದೇ ಹೇಳುತ್ತಾರೆ. ಮದುವೆ ಮಾತುಕತೆ, ಕೆಲಸ ಎಲ್ಲದಕ್ಕೂ ಹೆದರುತ್ತಾರೆ. ನಿಮ್ಮ ಉತ್ಸಾಹದ ಒಂದು ಸ್ಟೇಟಸ್ ಇನ್ನೊಬ್ಬರ ಗುಟ್ಟನ್ನು ಬಯಲು ಮಾಡಬಾರದು.

ತೆರಿಗೆಯ ವಿಷಯದಲ್ಲಿ ಮೂರು ಸಂಗತಿ ದಾನಿಗಳಿಗೆ ಮೊದಲೇ ತಿಳಿಸಿ. 80ಜಿ ಎಂದೇ ರೂಢಿಯಾದ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗಷ್ಟೇ, ಹೊಸದರಲ್ಲಿ ಇಲ್ಲ. 2,000 ರೂ.ಗಿಂತ ಹೆಚ್ಚು ನಗದು ಕೊಟ್ಟರೆ ಸಿಗುವುದಿಲ್ಲ. ಬರೀ ರಸೀದಿ ಸಾಲದು, ಸಂಸ್ಥೆ ಇಲಾಖೆಯ ಪೋರ್ಟಲ್‌ಗೆ ವಿವರ ಸಲ್ಲಿಸಿ ತೆಗೆದುಕೊಡುವ ಪ್ರಮಾಣಪತ್ರ ಬೇಕು. ಪ್ಯಾನ್‌ನಲ್ಲಿರುವಂತೆಯೇ ಹೆಸರು ಬರೆಯದಿದ್ದರೆ ತೊಡಕು.

ಅಮೆರಿಕದಲ್ಲಿರುವ ಅಕ್ಕ ಭಾವ ಕೊಡುತ್ತೇವೆ ಎಂದರೆ ಪೌರತ್ವ ಕೇಳಬೇಕಾಗುತ್ತದೆ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆ ಆಗುವುದಿಲ್ಲ. ಅಲ್ಲಿನ ಪೌರತ್ವ ಪಡೆದು ಒಸಿಐ ಕಾರ್ಡ್ ಇಟ್ಟುಕೊಂಡವರದ್ದು ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾನೂನಿನ) ನೋಂದಣಿ ಇರುವ ಸಂಸ್ಥೆ ಮಾತ್ರ, ಅದಕ್ಕೆಂದೇ ಇರುವ ಖಾತೆಯಲ್ಲಿ, ತೆಗೆದುಕೊಳ್ಳಬಹುದು. ಲಂಡನ್‌ನಲ್ಲಿರುವ ಕನ್ನಡಿಗರು ಅಲ್ಲಿಯ ಮ್ಯಾರಥಾನನ್ನು ಅಲ್ಲಿಯ ಸಂಸ್ಥೆಗಾಗಿ ಓಡುವುದೇ ಸುಲಭ. ದಾನಿ ಅಲ್ಲಿನ ತೆರಿಗೆದಾರರಾಗಿದ್ದರೆ ಗಿಫ್ಟ್ ಏಡ್ ಮೂಲಕ ಪ್ರತಿ ಪೌಂಡಿಗೆ 25 ಪೆನ್ಸ್ ಸರ್ಕಾರವೇ ಸೇರಿಸುತ್ತದೆ.

ಓಟದ ದಿನ

ಎಕ್ಸ್‌ಪೋದಲ್ಲಿ ಎರಡು ಗಂಟೆಗಿಂತ ಹೆಚ್ಚು ನಿಲ್ಲಬೇಡಿ. ಶನಿವಾರ ಸಂಜೆ ಬಿಬ್‌ಗೆ ನಾಲ್ಕು ಪಿನ್ ಚುಚ್ಚಿಟ್ಟು, ಹಿಂಬದಿಯಲ್ಲಿ ರಕ್ತದ ಗುಂಪು, ತುರ್ತು ಫೋನ್ ನಂಬರ್ ಬರೆದು ಒಂಬತ್ತಕ್ಕೆ ಮಲಗಿ. ನಿದ್ದೆ ಬರದಿದ್ದರೂ ಚಿಂತೆಯಿಲ್ಲ, ಶುಕ್ರವಾರ ರಾತ್ರಿಯ ನಿದ್ದೆ ಮುಖ್ಯ. ಓಟ ಶುರುವಾಗುವುದು ನಸುಕಿನಲ್ಲಿ. ಎರಡು ಗಂಟೆ ಮೊದಲು ಬ್ರೆಡ್ಡು ಬಾಳೆಹಣ್ಣು, ಅಭ್ಯಾಸವಿದ್ದರೆ ಕಾಫಿ.

ಮೊದಲ ಮೂರು ಕಿಲೋಮೀಟರು ಅಂದುಕೊಂಡ ವೇಗಕ್ಕಿಂತ ಕಿಲೋಮೀಟರಿಗೆ 10ರಿಂದ 15 ಸೆಕೆಂಡ್ ನಿಧಾನ. ಕಿಲೋಮೀಟರಿಗೆ 7 ನಿಮಿಷದ ಲೆಕ್ಕದಲ್ಲಿ ಓಡಿದರೆ 2 ಗಂಟೆ 28 ನಿಮಿಷದೊಳಗೆ ಮುಗಿಯುತ್ತದೆ. ಮೊದಲ ಓಟಕ್ಕೆ ಗೌರವದ ಸಮಯ. ನೀರಿನ ಮೇಜಿನ ಹತ್ತಿರ ಹತ್ತು ಹೆಜ್ಜೆ ನಡೆದು ಕುಡಿಯಿರಿ, ಓಡುತ್ತ ಕುಡಿದರೆ ಅರ್ಧ ಮೂಗಿಗೆ. ಮಾರ್ಗ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆ ವರ್ಷದ ನಕ್ಷೆ ನೋಡಿಕೊಳ್ಳಿ. ಹಳಬರು ಹೆದರಿಸುವುದು ಪೆಡ್ಡರ್ ರೋಡಿನ ಏರಿಗೆ. ಕಾಲು ಸೋತ ಕೊನೆಯ ಮೂರನೇ ಒಂದು ಭಾಗದಲ್ಲಿ ಎದುರಾಗುತ್ತಾ ಬಂದಿದೆ. ಅಲ್ಲಿ ಗಡಿಯಾರ ನೋಡಬೇಡಿ. ಹೆಜ್ಜೆ ಚಿಕ್ಕದು ಮಾಡಿ, ಉಸಿರು ಹಿಂದಿನಷ್ಟೇ ಇರುವಂತೆ ನೋಡಿಕೊಳ್ಳಿ, ಬೇಕಾದರೆ ನಡೆಯಿರಿ. ಚಳಿ ಹತ್ತಿದಂತಾಗುವುದು, ಬೆವರು ನಿಂತುಹೋಗುವುದು, ಮಾತು ತೊದಲುವುದು ಕಂಡರೆ ಓಟ ಅಲ್ಲಿಗೇ ಮುಗಿಯಿತು, ಸ್ವಯಂಸೇವಕರನ್ನು ಕರೆಯಿರಿ. ಮುಗಿಸದಿದ್ದರೆ ದಾನಿಗಳು ಹಣ ವಾಪಸು ಕೇಳುವುದಿಲ್ಲ.

ಆಮೇಲೆ

ಮುಗಿಸಿದ ಕೂಡಲೆ ಕೂರಬೇಡಿ, ಹದಿನೈದು ನಿಮಿಷ ನಡೆಯಿರಿ. ಒಂದು ವಾರ ಓಟವಿಲ್ಲ, ಎರಡನೇ ವಾರ ನಿಧಾನದ 3-4 ಕಿ.ಮೀ. ಮೂರು ಬಾರಿ. ಕಪ್ಪಾದ ಉಗುರನ್ನು ಕೀಳಬೇಡಿ, ತಾನಾಗಿ ಬೀಳುತ್ತದೆ.

ದಾನಿಗಳಿಗೆ ಮೂರು ದಿನದೊಳಗೆ ಬರೆಯಿರಿ: ಎಷ್ಟು ಹೊತ್ತಾಯಿತು, ಎಷ್ಟು ಸೇರಿತು, ಯಾವ ನಿಧಿಗೆ ಹೋಯಿತು. 'ಕೊಡ್ತೀನಿ' ಎಂದು ಮರೆತವರು ಕೊಡುವುದು ಈ ಮೆಸೇಜ್ ನೋಡಿಯೇ, ಆದ್ದರಿಂದ ದೇಣಿಗೆ ಪುಟ ಇನ್ನೂ ಎಷ್ಟು ದಿನ ತೆರೆದಿರುತ್ತದೆ ಎಂದು ಸಂಸ್ಥೆಯಿಂದ ಕೇಳಿಕೊಂಡು ಕೊಂಡಿಯನ್ನು ಮತ್ತೆ ಹಾಕಿ. ಫೆಬ್ರುವರಿಯಲ್ಲಿ ದಾನಿಗಳ ಪಟ್ಟಿ ತೆರೆದು, ಪ್ಯಾನ್ ಕೊಡದವರು, ಹೆಸರು ತಪ್ಪಾಗಿ ಬರೆದವರು, ನಗದು ಕೊಟ್ಟವರು ಯಾರೆಂದು ಗುರುತು ಹಾಕಿ ಒಬ್ಬೊಬ್ಬರಿಗೂ ಫೋನ್ ಮಾಡಿ, ಮಾರ್ಚ್ 31ರೊಳಗೆ ಸಂಸ್ಥೆಯವರ ಹತ್ತಿರ ಸರಿಪಡಿಸಿಕೊಳ್ಳಿ.